ಗಂಡನ ಹೆಸರಿನ ಜಾಗ

ದೇವರನ್ನು ಗಂಡ ಅಂತ ಸರಕಾರಿ ಕಾಗದದಲ್ಲಿ ಬರೆಸಿದರೆ ಎಷ್ಟು ವರ್ಷ ಜೈಲು? ಹುಲುಗಮ್ಮನಿಗೆ ಗೊತ್ತಿರಲಿಲ್ಲ. ಕೇಳೋಣವೆಂದರೆ, ಕೇಳಿದ್ದಕ್ಕೇ ಹಿಡಿದು ಒಳಗೆ ಹಾಕಿದರೆ? ಮದ್ರಾಸಿನಲ್ಲಿ ಪರದೇಶದ ವೀಸಾ ಕೊಡುವ ಕಚೇರಿಯ ಹೊರಗೆ ಬೆಳಿಗ್ಗೆಯಿಂದ ನಿಂತಿದ್ದಳು. ಬಾಯಿ ಒಣಗಿತ್ತು. ಮುಂದೆ ಸೂಟಿನವರು, ಪಟ್ಟೆ ಸೀರೆಯವರು. ಮೈ ತಾಗಿದರೆ ಏನಂದಾರೋ ಎಂದು ಆಕೆ ಮುಂದಿನವರಿಂದ ಒಂದು ಮಾರು ದೂರ ಬಿಟ್ಟು ನಿಂತಿದ್ದಳು. ಬಿಟ್ಟ ಜಾಗದಲ್ಲಿ ಯಾರ್ಯಾರೋ ಬಂದು ತೂರಿಕೊಂಡರು. ಮೂರನೆಯವಳಾಗಿ ನಿಂತವಳು ಹನ್ನೊಂದನೆಯವಳಾದಳು.

"ಅಕ್ಕ, ಮುಂದಕ್ಕ ಸರಿ. ಇದು ಊರ ಬಾವಿ ಅಲ್ಲ," ಎಂದು ಊರಿನಿಂದ ಜೊತೆಗೆ ಬಂದಿದ್ದ ಸೋಮಪ್ಪ ಮೇಷ್ಟ್ರು ಹಿಂದಿನಿಂದ ಪಿಸುಗುಟ್ಟಿದರು.

ಸರಿ ಅಂದಷ್ಟು ಸುಲಭವಾಗಿ ಕಾಲು ಸರಿಯುತ್ತದೆಯೇ? ನಲವತ್ತಾರು ವರ್ಷ ಹಿಂದಕ್ಕೆ ಸರಿದ ಕಾಲು ಅದು.

ಹುಲುಗಮ್ಮನ ಊರು ಹಗರಿಬೊಮ್ಮನಹಳ್ಳಿ ಸ್ಟೇಷನ್ನಿನಿಂದ ಎಂಟು ಮೈಲಿ. ಊರ ಹೊರಗೆ ಮಾದಿಗರ ಕೇರಿ. ಬೆಳಗಿನ ಜಾವ ಗೌಡರ ಕೊಟ್ಟಿಗೆಯಲ್ಲಿ ಸಗಣಿ ಬಾಚುವುದು, ಹೊತ್ತೇರಿದ ಮೇಲೆ ಹಡಗಲಿ ರಸ್ತೆಗೆ ಜಲ್ಲಿ ಒಡೆಯುವುದು. ಇಪ್ಪತ್ತು ವರ್ಷ ಸುತ್ತಿಗೆ ಹಿಡಿದು ಬಲಗೈ ಬೆರಳು ನೆಟ್ಟಗಾಗುತ್ತಿರಲಿಲ್ಲ. ಹನ್ನೆರಡು ತುಂಬುವ ಮೊದಲೇ ಕೇರಿಯ ಗುಡಿಯಲ್ಲಿ ಮೈಲಾರಲಿಂಗನ ಹೆಸರು ಹೇಳಿ ಆಕೆಯ ಕೊರಳಿಗೆ ಮುತ್ತು ಕಟ್ಟಿದ್ದರು. ಬಸವಿ ಬಿಡುವುದೆಂದರೆ ಅದೇ. ದೇವರ ಜೊತೆ ಮದುವೆ ಅಂತ ಹೆಸರು. ದೇವರು ಒಂದು ದಿನವೂ ಗುಡಿಸಲಿಗೆ ಬರಲಿಲ್ಲ. ಬಂದವನು ಗುರುಸಂಗಪ್ಪ ಗೌಡ. ಅವನಿಗೆ ಹುಟ್ಟಿದವಳು ಗಾಳೆಮ್ಮ. ಊರಿಗೆಲ್ಲ ಗೊತ್ತು, ಯಾರ ಬಾಯಲ್ಲೂ ಇಲ್ಲ.

ಗಾಳೆಮ್ಮನಿಗೆ ಎಂಟು ತುಂಬಿದಾಗ, "ಇನ್ನ ನಾಕು ವರ್ಷಕ್ಕ ಇದಕ್ಕೂ ಕಟ್ಟಾಣ" ಎಂದು ಹಿರಿಯರು ಮಾತಾಡಿಕೊಂಡದ್ದು ಹುಲುಗಮ್ಮನ ಕಿವಿಗೆ ಬಿತ್ತು. ಮರುದಿನವೇ ಮಗಳ ಕೈಹಿಡಿದು ಸ್ಟೇಷನ್ನಿಗೆ ನಡೆದಳು. ಬಳ್ಳಾರಿಯ ಮಿಷನ್ ಹಾಸ್ಟೆಲಿಗೆ ಬಿಟ್ಟು ಬಂದಳು. ವಾಪಸ್ಸು ಬಂದವಳ ಬೆನ್ನಿನ ಮೇಲೆ ಗೌಡನ ಆಳು ಬಾರುಕೋಲು ಮುರಿದ. ಮುರಿಯಲಿ. ಮಗಳು ನರ್ಸಾದಳು. ಮಿಷನ್ನಿನ ಸಿಸ್ಟರುಗಳು ಅವಳನ್ನು ಹಿಮ ಬೀಳುವ ಯಾವುದೋ ದೇಶದ ಆಸ್ಪತ್ರೆಗೆ ಕಳಿಸಿದರು. ಆ ದೇಶದ ಹೆಸರು ಹುಲುಗಮ್ಮನ ನಾಲಿಗೆಗೆ ಹೊರಳುತ್ತಿರಲಿಲ್ಲ. ಅಲ್ಲೇ ಕೆಲಸ ಮಾಡುವ ಮಲಯಾಳಿ ಹುಡುಗನನ್ನು ಗಾಳೆಮ್ಮ ಮದುವೆಯಾದಳು. ಮೊದಲ ಕೂಸು ಏಳು ತಿಂಗಳಿಗೆ ಹೊಟ್ಟೆಯಲ್ಲೇ ಸತ್ತಿತು. ಈಗ ಎರಡನೆಯದು. ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡ ಅಂದಿದ್ದರು. "ಅವ್ವಾ, ನೀನಿಲ್ಲದ ಹಡಿಯಾಕ ನನಗ ಅಂಜಿಕಿ ಆಗ್ತೈತಿ. ಬಾ," ಎಂದು ಬರೆದಿದ್ದಳು. ಟಿಕೇಟಿಗೂ ದುಡ್ಡು ಕಳಿಸಿದ್ದಳು.

ಕಾಗದ ಓದಿ ಹೇಳಿದವರು ಸೋಮಪ್ಪ ಮೇಷ್ಟ್ರು. ಕೇರಿಯಲ್ಲಿ ಮೊದಲು ಸರಕಾರಿ ಸಂಬಳ ತಂದವರು. ಪಾಸ್‌ಪೋರ್ಟಿನ ಅರ್ಜಿ ತುಂಬಿದವರೂ ಅವರೇ. ಗಂಡನ ಹೆಸರು ಎಂಬ ಜಾಗಕ್ಕೆ ಬಂದಾಗ ಪೆನ್ನು ನಿಂತಿತ್ತು. ಖಾಲಿ ಬಿಟ್ಟರೆ ವಾಪಸ್ಸು ಬರುತ್ತದೆ. ಬಸವಿ ಅಂತ ಬರೆದರೆ ಏನಾಗುತ್ತದೋ. ಮೇಷ್ಟ್ರು ಬಹಳ ಹೊತ್ತು ತಲೆ ಕೆರೆದುಕೊಂಡು "ಮೈಲಾರಪ್ಪ" ಎಂದು ಬರೆದರು. ಗಂಡನ ವಯಸ್ಸು ಐವತ್ತು. ಉದ್ಯೋಗ ಕೂಲಿ. ಏಳು ಕೋಟಿಯ ಒಡೆಯ ಮೈಲಾರಲಿಂಗನನ್ನು ಮೇಷ್ಟ್ರು ಕೂಲಿಗೆ ಹಚ್ಚಿಬಿಟ್ಟರು. ವಿಚಾರಣೆಗೆ ಬಂದ ಪೊಲೀಸಪ್ಪ ಒಂದು ಹುಂಜ ಹಿಡಿದುಕೊಂಡು ಹೋದ. ಮೈಲಾರಪ್ಪ ಎಲ್ಲಿ ಎಂದು ಕೇಳಲೇ ಇಲ್ಲ. ಪಾಸ್‌ಪೋರ್ಟು ಬಂತು. ಸುಳ್ಳೂ ಅದರ ಜೊತೆಗೆ ಅಚ್ಚಾಗಿ ಬಂತು.

ಒಳಗೆ ಗಾಜಿನ ಆಚೆ ಬಿಳಿ ದೊರೆಸಾನಿ ಕೂತಿದ್ದಳು. ಪಕ್ಕದಲ್ಲಿ ಕನ್ನಡ ಬಲ್ಲ ಗುಮಾಸ್ತ, ಬೆಂಗಳೂರಿನ ಕಡೆಯವನು. ಮೇಷ್ಟ್ರನ್ನು ಬಾಗಿಲಲ್ಲೇ ತಡೆದಿದ್ದರು. ಹುಲುಗಮ್ಮ ಒಬ್ಬಳೇ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಗಂಡನ ಹೆಸರು ಮೈಲಾರಪ್ಪ. ಎಲ್ಲಿದಾರಮ್ಮ ಅವರು?" ಎಂದ ಗುಮಾಸ್ತ.

"ಮೈಲಾರದಾಗ ಅದಾನ್ರಿ."

"ನಿಮ್ಮ ಜೊತೆ ಇಲ್ವಾ?"

"ಇಲ್ರಿ."

"ಊರಿಗೆ ಬಂದು ಹೋಗ್ತಾರಾ?"

"ನಾವ ಹೋಗ್ತೀವ್ರಿ. ವರ್ಷಕ್ಕೊಮ್ಮಿ."

ಗುಮಾಸ್ತ ಆಕೆಯನ್ನೇ ನೋಡಿದ. ದೊರೆಸಾನಿ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ಬೆರಳಿನಿಂದ ತಟ್ಟುತ್ತ ಏನೋ ಹೇಳಿದಳು. ಗುಮಾಸ್ತ ಅದನ್ನು ಕನ್ನಡಕ್ಕೆ ತಂದ.

"ನೋಡಮ್ಮ, ನಿಮ್ಮ ಮಗಳು ಕಳಿಸಿರೋ ಕಾಗದದಲ್ಲಿ ತಂದೆ ಇಲ್ಲ, ತಾಯಿ ಒಬ್ಬಳೇ ಅಂತ ಇದೆ. ನಿಮ್ಮ ಕಾಗದದಲ್ಲಿ ಗಂಡ ಇದಾನೆ, ಕೂಲಿ ಮಾಡ್ತಾನೆ ಅಂತ ಇದೆ. ಎರಡರಲ್ಲಿ ಒಂದು ಸುಳ್ಳು. ನಿಮ್ಮದು ನಿಜ ಆದ್ರೆ ಮಗಳದ್ದು ಸುಳ್ಳು. ಆಗ ಅವಳ ಆಸ್ಪತ್ರೆಗೆ ಬರೆದು ವಿಚಾರಿಸಬೇಕಾಗುತ್ತೆ. ಇಲ್ಲಾ, ಅವಳು ನಿಮ್ಮ ಮಗಳೇ ಅಲ್ಲ."

ಹೆದರಿದವರ ಮೇಲೆ ಹಾವು ಎಸೆಯುವುದೆಂದರೆ ಇದು. ತನ್ನ ಜೈಲಿನ ಹೆದರಿಕೆ ಒಂದೇ ಇತ್ತು ಇಲ್ಲಿಯವರೆಗೆ. ಈಗ ಮಗಳ ನೌಕರಿ ಹೋಗುತ್ತದೆ. ಬಸುರಿ ಮಗಳನ್ನು ಹಾಸಿಗೆಯಿಂದ ಎಬ್ಬಿಸಿ ವಿಚಾರಿಸುತ್ತಾರೆ. ಆ ಕೂಸೂ ಹೊಟ್ಟೆಯಲ್ಲೇ ಹೋದರೆ? ಹೌದು ಅಂದರೂ ತಪ್ಪು, ಅಲ್ಲ ಅಂದರೂ ತಪ್ಪು. ಹುಲುಗಮ್ಮನ ತೊಡೆಯ ನಡುವೆ ಬಿಸಿ ಇಳಿಯಿತು. ಸೀರೆ ತೊಯ್ದು ನೆಲದ ಮೇಲೆ ಹರಿಯಿತು. ಕನ್ನಡಿಯಂಥ ನೆಲ. ಆಕೆ ಗಪ್ಪನೆ ಮೊಣಕಾಲೂರಿ ಸೆರಗಿನಿಂದ ಒರೆಸತೊಡಗಿದಳು. ಒರೆಸುವುದು ಗೊತ್ತಿದ್ದ ಕೆಲಸ. ಕೈ ತಾನಾಗಿ ಮಾಡಿತು.

ಗುಮಾಸ್ತ ಮುಖ ತಿರುಗಿಸಿದ. ಕಚೇರಿಯ ಕಸ ಹೊಡೆಯುವ ಹೆಂಗಸು ಓಡಿ ಬಂದು, ಆಕೆಯ ಕೈಯಿಂದ ಸೆರಗು ಬಿಡಿಸಿ, ಅರವದಲ್ಲಿ ಏನೋ ಅಂದು ತಾನೇ ಒರೆಸಿದಳು. ಮಾತು ತಿಳಿಯದಿದ್ದರೂ ಅದು ಬೈಗುಳವಲ್ಲ ಎಂದು ತಿಳಿಯಿತು. ಗುಮಾಸ್ತ ಒಂದು ಚೀಟಿ ಬರೆದು ಕೊಟ್ಟ. ಹದಿನೈದು ದಿನದೊಳಗೆ ಊರಿನ ಪಂಚಾಯಿತಿಯಿಂದ ಕಾಗದ ತರಬೇಕು. ಈಕೆ ಯಾರು, ಗಂಡ ಉಂಟೋ ಇಲ್ಲವೋ, ಗಾಳೆಮ್ಮ ಯಾರ ಮಗಳು, ಅಷ್ಟೂ ಅದರಲ್ಲಿರಬೇಕು.

ಪಂಚಾಯಿತಿ ಚೇರ್ಮನ್ ಯಾರು? ಗುರುಸಂಗಪ್ಪ ಗೌಡ. ಮತ್ತ್ಯಾರಿರುತ್ತಾರೆ?

ಗೌಡ ಕಟ್ಟೆಯ ಮೇಲೆ ದಿಂಬಿಗೊರಗಿ ಕೂತಿದ್ದ. ಹುಲುಗಮ್ಮ ಕೆಳಗೆ ಅಂಗಳದ ಬಿಸಿಲಲ್ಲಿ ನಿಂತಳು. ಎರಡು ಹೆಜ್ಜೆ ಹಿಂದೆ ಮೇಷ್ಟ್ರು. ಅದೇ ಬೆಳಿಗ್ಗೆ ಆ ಮನೆಯ ಕೊಟ್ಟಿಗೆ ಬಾಚಿ ಬಂದಿದ್ದಳು. ಕೈಗೆ ಇನ್ನೂ ಸಗಣಿ ವಾಸನೆಯಿತ್ತು.

"ಏನಲೇ ಹುಲುಗಿ, ವಿಮಾನ ಹತ್ತತೀಯಂತ."

"ಒಂದು ಕಾಗದ ಬೇಕಾಗಿತ್ರಿ ಗೌಡ್ರ. ಗಾಳಿ ನನ್ನ ಮಗಳು, ನನಗ ಗಂಡ ಇಲ್ಲ, ಅಂತ."

"ಗಂಡ ಇಲ್ಲ ಅಂತ ಬರದ್ರ ಮಗಳು ಎಲ್ಲಿಂದ ಬಂತು ಅಂತ ಕೇಳ್ತಾರ. ಬಸವಿ ಅಂತ ಬರೀಲೇನು? ಈಗ ಕಾನೂನು ಬಂದೈತಿ. ಬಸವಿ ಅಂದ್ರ ಪೊಲೀಸ್ನೋರು ಬರ್ತಾರ. ಮೊದಲು ನಿನ್ನ ಒಯ್ತಾರ, ಆಮ್ಯಾಲ ಸುಳ್ಳು ಬರದ ಈ ಮೇಷ್ಟ್ರನ್ನ. ಏನ್ರಿ ಮೇಷ್ಟ್ರ, ನೌಕರಿ ಇನ್ನ ಎಷ್ಟು ವರ್ಷ ಐತಿ?"

ಮೇಷ್ಟ್ರ ಉಸಿರು ಜೋರಾದದ್ದು ಹುಲುಗಮ್ಮನಿಗೆ ಕೇಳಿಸಿತು. ಕಾನೂನು ಹಿಡಿಯುವುದಿದ್ದರೆ ಮೊದಲು ಮುತ್ತು ಕಟ್ಟಿಸಿದವರನ್ನು ಹಿಡಿಯಬೇಕು. ಆಕೆಗೆ ಕಟ್ಟಿಸಿದವನು ಈ ಗೌಡನ ಅಪ್ಪ. ಕಾನೂನು ಹೀಗಿದೆಯೆಂದು ಗೌಡನಿಗೆ ಚೆನ್ನಾಗಿ ಗೊತ್ತಿತ್ತು. ಅಂಗಳದಲ್ಲಿ ನಿಂತ ಇಬ್ಬರಿಗೆ ಗೊತ್ತಿರಲಿಲ್ಲ, ಅಷ್ಟೇ. ಗೊತ್ತಿಲ್ಲದವರ ಹೆದರಿಕೆಯಿಂದಲೇ ಗೌಡಕಿ ನಡೆಯುವುದು.

"ಆದ್ರೂ ಬರದು ಕೊಡ್ತೀನಿ," ಎಂದ ಗೌಡ. ದನಿ ಇಳಿಸಿದ. "ನಿನಗ ಬೇಕಾದಂಗ ಬರದು ಸೀಲ್ ಹೊಡೀತೀನಿ. ನಿನ್ನ ತಂಗಿ ಮಗಳು ಮೈಲಿಗೆ ಈಗ ಹನ್ನೊಂದಲ್ಲೇನು? ಬರೋ ಹುಣ್ಣಿಮಿಗೆ ಅದಕ್ಕ ಮುತ್ತು ಕಟ್ಟಿಸು. ಯಾರಿಗೂ ಗೊತ್ತಾಗದಂಗ, ಮನಿ ಮಟ್ಟಿಗೆ. ನೀನು ಮಗಳನ್ನ ಓಡಿಸಿದಿ. ದೇವರಿಗೆ ಒಂದು ಹೆಣ್ಣು ಕೊಡೋದು ನಿಮ್ಮ ಮನೆತನದಾಗ ಹಂಗ ಉಳದೈತಿ."

ಮೈಲಿ ಅಂದರೆ ಮೈಲಮ್ಮ. ಹುಲುಗಮ್ಮನ ತಂಗಿ ಪಕ್ಕೀರಮ್ಮ ಸತ್ತಾಗ ಎರಡು ವರ್ಷದ ಕೂಸು. ಅಂದಿನಿಂದ ಹುಲುಗಮ್ಮನ ಹಾಸಿಗೆಯಲ್ಲೇ ಬೆಳೆದದ್ದು.

ಗೌಡ ಶಾಯಿಯ ಡಬ್ಬಿ ತರಿಸಿ ಕಟ್ಟೆಯ ಅಂಚಿಗೆ ಇಟ್ಟ. ಒಪ್ಪಿಗೆ ಪತ್ರ ಮೊದಲೇ ಬರೆದಿಟ್ಟಿದ್ದ. ಹೆಬ್ಬೆಟ್ಟೊಂದು ಬಾಕಿ.

ಇಲ್ಲಿ ಸುಳ್ಳು ಹೇಳುವುದು ಬೇಡ. ಹುಲುಗಮ್ಮನ ಬಾಯಿಗೆ "ಹೂಂ" ಬಂದಿತ್ತು. ಹಲ್ಲಿನ ತನಕ ಬಂದಿತ್ತು. ಮಗಳಿಗೆ ದಿನ ತುಂಬಲು ಒಂದೂವರೆ ತಿಂಗಳು ಉಳಿದಿತ್ತು. ಹೋಗಿ ಬಂದ ಮೇಲೆ ಏನಾದರೂ ಮಾಡಿ ಹುಡುಗಿಯನ್ನು ಬಿಡಿಸಿಕೊಂಡರಾಯಿತು ಎಂದು ಮನಸ್ಸು ಹೇಳಿತು. ಕೈ ಮುಂದೆ ಹೋಯಿತು. ಶಾಯಿಯ ತಣ್ಣನೆಯ ಬಟ್ಟೆ ಹೆಬ್ಬೆರಳಿಗೆ ತಾಗಿತು. ಆಗ ನೆನಪಾಯಿತು, ತನ್ನನ್ನು ಯಾರೂ ಬಿಡಿಸಿಕೊಳ್ಳಲಿಲ್ಲ. ಆಕೆಗೆ ಕಟ್ಟುವಾಗ ಅವ್ವನೂ ಹೀಗೇ ಅಂದುಕೊಂಡಿರಬೇಕು, ಆಮೇಲೆ ನೋಡಿಕೊಂಡರಾಯಿತು ಎಂದು. ಹುಲುಗಮ್ಮ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

"ಕಟ್ಟಂಗಿಲ್ರಿ."

"ಏನಂದಿ?"

"ಮೈಲಿಗೆ ಮುತ್ತು ಕಟ್ಟಂಗಿಲ್ಲ."

ಗೌಡ ಕೂಗಾಡಲಿಲ್ಲ. ಕೂಗಾಡಿದ್ದರೆ ಇಷ್ಟು ಅಂಜಿಕೆಯಾಗುತ್ತಿರಲಿಲ್ಲ. ಶಾಯಿಯ ಡಬ್ಬಿಯ ಮುಚ್ಚಳ ನಿಧಾನ ಹಾಕಿದ. "ಹಂಗಾರ ಮಗಳ ಮಾರಿ ಮರತುಬಿಡು. ಮತ್ತ ಇನ್ನೊಂದು ಕೇಳ್ತೀನಿ. ನೀನು ಹೋದ್ರೂ ಆ ಹುಡುಗಿ ಇಲ್ಲೇ ಇರತಾಳಲ್ಲ?" ಎಂದ.

ಆ ಮಾತು ಕೇಳಿದ ಮೇಲೆ ಹುಲುಗಮ್ಮ ಮೈಲಿಯನ್ನು ಒಬ್ಬಳೇ ನೀರಿಗೂ ಕಳಿಸಲಿಲ್ಲ. ಜಲ್ಲಿ ಒಡೆಯುವಲ್ಲಿಗೂ ಕರೆದುಕೊಂಡು ಹೋದಳು. ನಾಯಿ ಬೊಗಳಿದರೆ ಬೆಚ್ಚಿದಳು. ಎರಡನೆಯ ಸಲ ಮದ್ರಾಸಿಗೆ ಹೊರಟ ದಿನ ಹುಡುಗಿಯನ್ನು ಮೇಷ್ಟ್ರ ಹೆಂಡತಿ ಎರ್ರೆಮ್ಮನ ಕೈಗೆ ಒಪ್ಪಿಸಿ, "ನಾನು ಬರೋಮಟ ಯಾರು ಕರದ್ರೂ ಬಾಗಿಲಾ ತೆಗೀಬ್ಯಾಡ್ರಿ," ಎಂದಳು. ಪಂಚಾಯಿತಿಯ ಕಾಗದ ಇರಲಿಲ್ಲ. ಬರಿಗೈ.

ಹೊಸಪೇಟೆಯವರೆಗೆ ಪ್ಯಾಸೆಂಜರಿನಲ್ಲಿ ಹೋದರು. ಗುಂತಕಲ್ಲಿನಲ್ಲಿ ಗಾಡಿ ಬದಲಿಸಿದ ಮೇಲೆ ಮೇಷ್ಟ್ರು ಬಾಯಿಬಿಟ್ಟರು.

"ಅಕ್ಕ, ಮೈಲಾರಪ್ಪ ಸತ್ತಾನ ಅಂದುಬಿಡು. ಮುಗೀತು."

"ಇಲ್ಲ ಅಂತ ಗಾಳಿ ಬರದಾಳಲ್ರಿ. ಸತ್ತಾನ ಅಂದ್ರ ಇದ್ದ ಅಂದಂಗಾಗ್ತೈತಿ. ಆಕಿದು ಸುಳ್ಳಾಗ್ತೈತಿ."

"ನಿಜ ಹೇಳಿದ್ರ ಯಾರು ಬರದಿದ್ದು ಅಂತಾರ. ನನಗ ಮೂರು ಹೆಣ್ಣುಮಕ್ಕಳು ಅದಾವ. ಕೇರ್ಯಾಗ ನನ್ನ ಬಿಟ್ಟು ಯಾರಿಗೂ ಸಂಬಳ ಇಲ್ಲ. ನನ್ನ ಹೆಸರು ಹೇಳಬ್ಯಾಡ."

"ಹೇಳಂಗಿಲ್ರಿ," ಎಂದಳು. ಅವರ ಮೇಲೆ ಸಿಟ್ಟು ಬರಲಿಲ್ಲ. ಹೆದರಿದವರಿಗೆ ಹೆದರಿದವರ ಮೇಲೆ ಎಲ್ಲಿಯ ಸಿಟ್ಟು?

ಅದೇ ಗಾಜು. ಅದೇ ದೊರೆಸಾನಿ, ಅದೇ ಗುಮಾಸ್ತ. ಈ ಸಲ ಹುಲುಗಮ್ಮ ಬೆಳಿಗ್ಗೆಯಿಂದ ನೀರು ಕುಡಿದಿರಲಿಲ್ಲ, ಮತ್ತೆ ಹಾಗಾಗಬಾರದು ಅಂತ.

"ಕಾಗದ ತಂದಿದೀರಾ?"

"ಇಲ್ರಿ. ಬಾಯಿಲೆ ಹೇಳ್ತೀನಿ." ಗಾಜಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಳು. "ನನಗ ಗಂಡ ಇಲ್ಲ. ಯಾವತ್ತೂ ಇದ್ದಿಲ್ಲ. ಸಣ್ಣಾಕಿ ಇದ್ದಾಗ ದೇವರ ಹೆಸರಿಲೆ ಮುತ್ತು ಕಟ್ಟಿದ್ರು. ಮೈಲಾರಪ್ಪ ಅನ್ನಾಂವ ಮನುಷ್ಯ ಅಲ್ಲ, ನಮ್ಮ ದೇವರು. ಅಂಜಿಕಿಗೆ ಬರಿಸಿದ್ವಿ. ನಂದು ಸುಳ್ಳು, ನನ್ನ ಮಗಳು ಬರದಿದ್ದು ಖರೆ. ಜೈಲಿಗೆ ಹಾಕೋದಿದ್ರ ನನ್ನ ಹಾಕ್ರಿ, ಆಕಿ ದವಾಖಾನಿಗೆ ಬರೀಬ್ಯಾಡ್ರಿ."

ಗುಮಾಸ್ತನ ಮುಖ ಕೆಂಪಾಯಿತು. ದೊರೆಸಾನಿಯ ಕಡೆ ತಿರುಗಿ ಬಹಳ ಚಿಕ್ಕದಾಗಿ ಏನೋ ಹೇಳಿದ. ಹುಲುಗಮ್ಮ ಇಷ್ಟುದ್ದ ಹೇಳಿದ್ದು ಅವನ ಬಾಯಲ್ಲಿ ನಾಲ್ಕು ಮಾತಾಗಿತ್ತು. ಅದರಲ್ಲೊಂದು "ವಿಡೋ". ಆ ಮಾತು ಹುಲುಗಮ್ಮನಿಗೆ ಗೊತ್ತಿತ್ತು. ತಾಲೂಕು ಕಚೇರಿಯಲ್ಲಿ ವಿಧವೆಯರ ಪಿಂಚಣಿಗೆ ಕೈಮುಗಿದು ನಿಂತಾಗ, "ನೀನು ವಿಡೋ ಅಲ್ಲ, ನಡಿ ಆಚೆ," ಎಂದು ಬಾಗಿಲ ತನಕ ದಬ್ಬಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲೂ ಒಬ್ಬ ಪೂಜಾರಿ.

"ವಿಡೋ ಅಲ್ರಿ. ನಾನು ಹೇಳಿದ್ದು ಹೇಳ್ರಿ."

ಗುಮಾಸ್ತ ಬಗ್ಗಿ ಮೆಲ್ಲಗೆ ಹೇಳಿದ. "ಅಮ್ಮ, ನಿಮ್ಮ ಒಳ್ಳೇದಕ್ಕೇ ಹಾಗಂದೆ. ಗಂಡ ತೀರಿಹೋದ ಅಂತ ಕೆಳಗಡೆ ಒಂದು ಅಫಿಡವಿಟ್ ಮಾಡಿಸಿ. ಮಗಳಿಗೂ ಹಾಗೇ ಬರೆದುಕೊಡೋಕೆ ಹೇಳಿ. ಕೆಲಸ ಆಗುತ್ತೆ. ಇಂಥ ವಿಷಯ ಪರದೇಶದವರ ಮುಂದೆ ಆಡಬಾರದು. ದೇಶದ ಮಾನ ಹೋಗುತ್ತೆ."

"ನನ್ನ ಮಾನ ತೆಗಿಯೋವಾಗ ದೇಶ ಎಲ್ಲಿತ್ರಿ?"

ಹಾಗೆ ಅಂದವಳಿಗೇ ಅಂದದ್ದು ಕೇಳಿ ಭಯವಾಯಿತು. ಆದರೆ ಗಾಜಿನ ಅಂಚು ಬಿಡಲಿಲ್ಲ. ದೊರೆಸಾನಿ ಇಬ್ಬರ ಮುಖವನ್ನೂ ನೋಡಿ, ಗುಮಾಸ್ತನಿಗೆ ಗಟ್ಟಿಯಾಗಿ ಏನೋ ಕೇಳಿದಳು. ಅವನು ಬೆವರು ಒರೆಸಿಕೊಂಡ. ಆಮೇಲೆ ಹೇಳತೊಡಗಿದ. ಈ ಸಲ ಬಹಳ ಹೊತ್ತು ಹೇಳಿದ. ದೊರೆಸಾನಿ ಬರೆದುಕೊಳ್ಳುತ್ತಾ ಹೋದಳು. ನಡುವೆ ಒಮ್ಮೆ ಪೆನ್ನು ನಿಲ್ಲಿಸಿ ಹುಲುಗಮ್ಮನನ್ನು ನೋಡಿದಳು.

"ನಿಮ್ಮ ಮಾತು ಬರೆದುಕೊಂಡಿದಾರೆ," ಎಂದ ಗುಮಾಸ್ತ. "ಮಗಳ ಕಾಗದ ಸರಿಯಾಗೇ ಇದೆ. ಆಸ್ಪತ್ರೆಗೆ ಬರೆಯೋದಿಲ್ಲ. ಆದರೆ ಈ ಪಾಸ್‌ಪೋರ್ಟ್ ಮೇಲೆ ವೀಸಾ ಕೊಡೋಕಾಗಲ್ಲ. ಬೆಂಗಳೂರಿಗೆ ಹೋಗಿ ಗಂಡನ ಹೆಸರು ತೆಗೆಸಿಕೊಂಡು ಬನ್ನಿ."

"ಎಷ್ಟು ದಿನ ಆಗ್ತೈತ್ರಿ?"

"ಎರಡು ತಿಂಗಳು. ಮೂರೂ ಆಗಬಹುದು."

ದಿನ ಎಣಿಸಲು ಮೇಷ್ಟ್ರು ಬೇಕಾಗಲಿಲ್ಲ. ಹೆರಿಗೆಗೆ ಒಂದು ತಿಂಗಳಿತ್ತು. ಅಂಜಿಕಿ ಆಗ್ತೈತಿ ಬಾ ಅಂದ ಮಗಳು ಅವ್ವನಿಲ್ಲದೇ ಹಡೆಯುತ್ತಾಳೆ. ಹುಲುಗಮ್ಮನಿಗೆ ಅಳು ಬಂತು, ನುಂಗಿದಳು. ಗುಮಾಸ್ತ ಕಾಗದಗಳನ್ನು ಜೋಡಿಸಿ ಆಕೆಯ ಕಡೆ ತಳ್ಳಿದ. ಮುಗಿಯಿತು, ಹೋಗು ಅಂತ.

ಆಕೆ ಹೋಗಲಿಲ್ಲ.

"ನನ್ನ ಮಗಳಿಗೆ ಹುಟ್ಟಿಸಿದಾಂವ ಯಾರು ಅಂತ ಕೇಳಲಿಲ್ಲಲ್ರಿ."

"ಅದು ಬೇಕಾಗಿಲ್ಲಮ್ಮ."

"ನನಗ ಬೇಕ್ರಿ. ಬರಕೊಳ್ರಿ. ನನಗ ಮಾಡಿದ್ದನ್ನ ಈಗ ನನ್ನ ತಂಗಿ ಮಗಳಿಗೂ ಮಾಡಿಸಾಕ ನಿಂತಾನ. ಹನ್ನೊಂದು ವರ್ಷದ ಹುಡುಗಿ."

ಬಹುಶಃ ಗುಮಾಸ್ತನಿಗೂ ಒಬ್ಬಳು ಮಗಳಿದ್ದಳೋ ಏನೋ. ಈ ಸಲ ತಡಮಾಡದೆ ದೊರೆಸಾನಿಗೆ ಹೇಳಿದ. ದೊರೆಸಾನಿ ಪೆನ್ನಿನ ಟೋಪಿ ಮತ್ತೆ ತೆಗೆದಳು.

ಇಪ್ಪತ್ತೇಳು ವರ್ಷ ಆ ಹೆಸರನ್ನು ಹುಲುಗಮ್ಮ ಬಾಯಿಬಿಟ್ಟು ಹೇಳಿರಲಿಲ್ಲ. ಗೌಡ್ರು ಅಂದದ್ದೇ. "ಗುರುಸಂಗಪ್ಪ," ಎಂದಳು. ಊರಿನ ಹೆಸರು ಹೇಳಿದಳು, ತಾಲೂಕು ಹೇಳಿದಳು, ಪಂಚಾಯಿತಿ ಚೇರ್ಮನ್ ಅಂತಲೂ ಹೇಳಿದಳು. ಬರೆದದ್ದನ್ನು ಓದಿಸಿದಳು. ಅದರ ಕೆಳಗೆ ಹೆಬ್ಬೆಟ್ಟು ಒತ್ತಿದಳು. ಅಂಥದೇ ಇನ್ನೊಂದು ಹಾಳೆ ತನಗೂ ಬೇಕು ಅಂದಳು. ಗುಮಾಸ್ತ ಟೈಪು ಮಾಡಿಸಿ ತಂದುಕೊಟ್ಟ.

ಹೊರಗೆ ಮೇಷ್ಟ್ರು ಗೇಟಿನ ಬಳಿ ನಿಂತಿದ್ದರು. ಆಕೆಯ ಮುಖ ನೋಡಿ ಹತ್ತಿರ ಬಂದರು.

"ಕೊಟ್ರೇನು?"

"ಇಲ್ರಿ. ಪಾಸ್‌ಪೋರ್ಟ್ ತಿದ್ದಿಸಿಕೊಂಡು ಬಾ ಅಂದ್ರು. ಕೂಸು ಹುಟ್ಟೋ ಹೊತ್ತಿಗೆ ನಾನು ಮುಟ್ಟಂಗಿಲ್ಲ. ಗಾಳಿ ನೌಕರಿಗೆ ಏನೂ ಮಾಡಂಗಿಲ್ಲಂತ."

"ನನ್ನ ಹೆಸರು?"

"ಹೇಳಿಲ್ರಿ."

"ಮತ್ತ ಇದೇನು ಹಾಳಿ?"

ಕೊಟ್ಟಳು. ಮೇಷ್ಟ್ರು ಓದಿದರು. ಕೊನೆಯ ಸಾಲಿಗೆ ಬಂದಾಗ ಗೇಟಿನ ಪಕ್ಕದ ಕಲ್ಲಿನ ಮೇಲೆ ಕುಸಿದು ಕೂತರು.

"ಏನು ಮಾಡಿದ್ಯಬೇ ಅಕ್ಕ. ಇದು ಊರಿಗೆ ಗೊತ್ತಾದ್ರ ನಮ್ಮ ಗುಡಿಸಲಿಗೆ ಬೆಂಕಿ ಹಚ್ಚತಾರ."

"ಹಚ್ಚತಾರ್ರಿ," ಎಂದಳು ಹುಲುಗಮ್ಮ. ಸುಳ್ಳು ಸಮಾಧಾನ ಹೇಳಲಿಲ್ಲ. ಹಾಳೆಯನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು. "ಬೆಂಗಳೂರು ಆಮ್ಯಾಲ. ಹುಣ್ಣಿಮಿಗೆ ಇನ್ನ ಆರು ದಿನ ಐತಿ. ಮೊದಲು ಮೈಲಿನ್ನ ಕರಕೊಂಡು ಬಳ್ಳಾರಿ ಹಾಸ್ಟೆಲಿಗೆ ಬಿಡಬೇಕು. ಅಲ್ಲಿಂದ ಸೀದಾ ದೊಡ್ಡ ಪೊಲೀಸ್ ಆಫೀಸಿಗೆ ಹೋಗಿ ಈ ಹಾಳಿ ಕೊಡಾಣ. ನೀವು ಹೊರಗ ನಿಂತ್ರೂ ಆತು. ಏಳ್ರಿ ಮೇಷ್ಟ್ರ, ಸಂಜಿ ಗಾಡಿ ತಪ್ಪತೈತಿ."

ಮೇಷ್ಟ್ರು ಏಳಲು ಕೈ ಚಾಚಿದರು. ಆಕೆಯ ಹೆಬ್ಬೆರಳಿನ ಶಾಯಿ ಇನ್ನೂ ಆರಿರಲಿಲ್ಲ. ಆ ಕೈಯಿಂದಲೇ ಹಿಡಿದು ಎಬ್ಬಿಸಿದಳು.